ಲಾರಿ ಚಾಲಕ ವೃತ್ತಿ: ಪ್ರವೇಶಿಸುವವರು ತಿಳಿದಿರಬೇಕಾದ ಸಂಗತಿಗಳು

ದೆಹಲಿಯಿಂದ ಹೊರಟು ಜಯಪುರ, ಅಹಮದಾಬಾದ್, ಮುಂಬಯಿ, ಪುಣೆ, ಕೊಲ್ಹಾಪುರಗಳನ್ನು ಹಾದು ನಿಪ್ಪಾಣಿಯ ಬಳಿ ಕರ್ನಾಟಕವನ್ನು ಪ್ರವೇಶಿಸುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರುಗಳ ಮೂಲಕ ಚೆನ್ನೈಯನ್ನು ಸೇರುತ್ತದೆ. ಇದರ ಉದ್ದ ಸುಮಾರು 2,800 ಕಿಲೋಮೀಟರು. ಕರ್ನಾಟಕದ ಹೊರಗೆ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ದೊಡ್ಡ ನಗರಗಳ ಪೈಕಿ ಹೈದರಾಬಾದ್ ಒಂದನ್ನುಳಿದು ಮಿಕ್ಕವು ಬಹುಪಾಲು ಇದೇ ದಾರಿಯ ಮೇಲಿವೆ. ಹೈದರಾಬಾದನ್ನು 44ನೆಯ ಹೆದ್ದಾರಿಯು ಬೆಂಗಳೂರಿಗೆ ಜೋಡಿಸುತ್ತದೆ. ಬ್ಯಾಡಗಿಯ ಮೆಣಸಿನಕಾಯಿ, ವಿಜಯಪುರದ ದ್ರಾಕ್ಷಿ, ಬಳ್ಳಾರಿ ಸೀಮೆಯ ಉಕ್ಕು, ಕೋಲಾರದ ಟೊಮೆಟೊ ಇವೆಲ್ಲ ದೂರದ ಪೇಟೆಗಳನ್ನು ಮುಟ್ಟುವುದು ಬಹುಮಟ್ಟಿಗೆ ಲಾರಿಗಳ ಮೇಲೆಯೇ. ನವಿ ಮುಂಬಯಿಯ ಕಳಂಬೋಲಿ, ಪುಣೆಯ ಸಮೀಪದ ನಿಗಡಿ, ಚೆನ್ನೈಯ ಮಾಧವರಂ, ಹೈದರಾಬಾದಿನ ಆಟೋನಗರ, ದೆಹಲಿಯ ಸಂಜಯಗಾಂಧಿ ಟ್ರಾನ್ಸ್‌ಪೋರ್ಟ್ ನಗರ ಇವು ಈ ಸಾಗಣೆಯ ತಂಗುದಾಣಗಳು.

ಇಂತಹ ನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಯುವಕರಿಗೂ, ಊರಿನಿಂದ ಕೆಲಸ ಅರಸಿ ಬಂಧುಗಳ ಮನೆಗೆ ಬಂದವರಿಗೂ ಲಾರಿ ಚಾಲನೆ ಕೈಗೆಟಕುವ ಒಂದು ವೃತ್ತಿ. ದೊಡ್ಡ ಪದವಿ ಇದಕ್ಕೆ ಬೇಕಿಲ್ಲ. ಆದರೆ ಸುಲಭವಾಗಿ ದೊರೆಯುವ ಕೆಲಸವೆಂದು ಇದನ್ನು ಹಗುರವಾಗಿ ಎಣಿಸಿದವರೇ ಮೊದಲ ಎರಡು ಮೂರು ವರ್ಷಗಳಲ್ಲಿ ಹೆಚ್ಚಿನ ತೊಂದರೆಗೆ ಸಿಲುಕುತ್ತಾರೆ. ಚಕ್ರ ತಿರುಗಿಸುವುದನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ತೂಕ ಹೊತ್ತ ವಾಹನವನ್ನು ನಿಲ್ಲಿಸುವುದನ್ನು ಕಲಿಯಲು ಹೆಚ್ಚು ಕಾಲ ಬೇಕು. ಈ ವೃತ್ತಿಯ ಕಲಿಕೆಯೆಲ್ಲ ಬಹುಪಾಲು ಈ ಎರಡನೆಯದಕ್ಕೇ ಸಂಬಂಧಿಸಿದುದು.

ವಯಸ್ಸು ಮತ್ತು ಪರವಾನಗಿ

ಚಾಲನಾ ಪರವಾನಗಿಗೆ ಸಂಬಂಧಿಸಿದ ಮೂಲ ಕಾನೂನು 1988ರ ಮೋಟಾರು ವಾಹನ ಕಾಯಿದೆ. ಇದು 1989ರ ಜುಲೈ 1ರಿಂದ ಜಾರಿಯಲ್ಲಿದ್ದು, 2019ರಲ್ಲಿ ಇದಕ್ಕೆ ವಿಸ್ತಾರವಾದ ತಿದ್ದುಪಡಿಗಳಾದವು. ಕಾರಿನಂತಹ ಲಘು ವಾಹನವನ್ನು ನಡೆಸಲು 18 ವರ್ಷ ತುಂಬಿರಬೇಕು. ಆದರೆ ಸಾರಿಗೆ ವಾಹನವನ್ನು, ಎಂದರೆ ಸರಕು ಅಥವಾ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸಲು 20 ವರ್ಷ ತುಂಬಿರಬೇಕೆಂದು ಕಾಯಿದೆ ವಿಧಿಸುತ್ತದೆ. ಅಲ್ಲದೆ ಲಘು ವಾಹನದ ಪರವಾನಗಿಯನ್ನು ಕನಿಷ್ಠ ಒಂದು ವರ್ಷ ಹೊಂದಿದ್ದವನಿಗಲ್ಲದೆ ಸಾರಿಗೆ ವಾಹನದ ಕಲಿಕಾ ಪರವಾನಗಿಯನ್ನು ಕೊಡುವಂತಿಲ್ಲ.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಂಡಿ ತಾಲ್ಲೂಕಿನ ಯುವಕನೊಬ್ಬ ಕಳಂಬೋಲಿಯಲ್ಲಿರುವ ಸೋದರಮಾವನ ಮನೆಗೆ 18ನೆಯ ವಯಸ್ಸಿನಲ್ಲಿ ಬಂದನೆಂದು ಭಾವಿಸಿದರೆ, ಅವನು ಕೂಡಲೇ ಮಾಡಬೇಕಾದ ಕೆಲಸ ಲಘು ವಾಹನದ ಪರವಾನಗಿ ಪಡೆಯುವುದು. ಕಲಿಕಾ ಪರವಾನಗಿ ದೊರೆತ ಮೇಲೆ 30 ದಿನಗಳು ಕಳೆಯುವವರೆಗೆ ಚಾಲನಾ ಪರೀಕ್ಷೆಗೆ ಹಾಜರಾಗುವಂತಿಲ್ಲ. ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು. ಹೀಗೆ ಪಡೆದ ಪರವಾನಗಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅವನಿಗೆ 19 ವರ್ಷ ದಾಟಿರುತ್ತದೆ. ಆ ಮೇಲಿನ ತಿಂಗಳುಗಳಲ್ಲಿ ತರಬೇತಿಯ ಸಿದ್ಧತೆ ಮಾಡಿಕೊಂಡರೆ 20 ತುಂಬಿದಾಗ ಭಾರಿ ವಾಹನದ ಪರೀಕ್ಷೆಗೆ ಅವನು ಅಣಿಯಾಗಿರುತ್ತಾನೆ. ಲಾರಿ ನಡೆಸುವ ಆಸೆಯುಳ್ಳ ಅನೇಕರು 20 ತುಂಬುವವರೆಗೆ ಯಾವ ಪರವಾನಗಿಯನ್ನೂ ಪಡೆಯದೆ ಕಾಯುತ್ತಾರೆ. ಅವರಿಗೆ ಆ ಬಳಿಕ ಮತ್ತೊಂದು ವರ್ಷ ವ್ಯರ್ಥವಾಗುತ್ತದೆ.

ವಾಹನಗಳನ್ನು ಕಾಯಿದೆಯು ತೂಕದ ಮೇಲೆ ವಿಂಗಡಿಸಿದೆ. ಸರಕೂ ಸೇರಿದಂತೆ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನ ಲಘು ವರ್ಗಕ್ಕೆ ಸೇರುತ್ತದೆ. ಅಲ್ಲಿಂದ 12,000 ಕಿಲೋಗ್ರಾಂವರೆಗಿನದು ಮಧ್ಯಮ. ಅದನ್ನು ಮೀರಿದುದು ಭಾರಿ. ಲಘು ವಾಹನದ ಪರವಾನಗಿ ಉಳ್ಳವನು 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ನಡೆಸಲು ಬೇರೆ ಅನುಮತಿ ಪಡೆಯಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ನಗರದೊಳಗೆ ಸಾಮಾನು ಹಂಚುವ ಸಣ್ಣ ವಾಹನಗಳ ಚಾಲಕರಿಗೆ ಇದರಿಂದ ದೊಡ್ಡ ಗೊಂದಲ ಪರಿಹಾರವಾಯಿತು. ಆರು, ಹತ್ತು, ಹನ್ನೆರಡು ಚಕ್ರಗಳ ದೊಡ್ಡ ಲಾರಿಗಳಿಗೆ ಭಾರಿ ವರ್ಗದ ನಮೂದು ಪರವಾನಗಿಯಲ್ಲಿ ಇರಲೇಬೇಕು.

ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಯಮ ಹಿಂದೆ ಇದ್ದಿತು. ಅದನ್ನು 2019ರಲ್ಲಿ ತೆಗೆದುಹಾಕಲಾಯಿತು. ಓದು ಬಾರದ ಅನುಭವಿಗಳಿಗೆ ಇದರಿಂದ ಬಾಗಿಲು ತೆರೆದಂತಾಯಿತೆಂಬುದು ನಿಜ. ಆದರೂ ಸರಕಿನ ಚೀಟಿಯನ್ನು ತಾನೇ ಓದಿಕೊಳ್ಳಬಲ್ಲ ಚಾಲಕನಿಗೂ ಇತರರಿಂದ ಓದಿಸಿಕೊಳ್ಳಬೇಕಾದವನಿಗೂ ಇರುವ ಅಂತರವನ್ನು ಯಾವ ತಿದ್ದುಪಡಿಯೂ ಅಳಿಸಲಾರದು. ಅರ್ಜಿಯೊಂದಿಗೆ ನಮೂನೆ 1-ಎ ಯಲ್ಲಿ ವೈದ್ಯರ ಪ್ರಮಾಣಪತ್ರವನ್ನೂ, ಪರವಾನಗಿ ಪಡೆದ ಚಾಲನಾ ಶಾಲೆಯ ಪ್ರಮಾಣಪತ್ರವನ್ನೂ ಸಲ್ಲಿಸಬೇಕಾಗುತ್ತದೆ. ಯಾವುದೇ ರಾಜ್ಯದಲ್ಲಿ ಪಡೆದ ಪರವಾನಗಿ ಇಡೀ ದೇಶದಲ್ಲಿ ಊರ್ಜಿತವಾಗಿರುವುದರಿಂದ ಕಲಬುರಗಿಯಲ್ಲಿ ಪಡೆದ ಪರವಾನಗಿಯಿಂದ ಹೈದರಾಬಾದಿನಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. ವಿಳಾಸ ಬದಲಾದಾಗ ಅದನ್ನು ತಿದ್ದಿಸಿಕೊಳ್ಳಬೇಕು. ಅರ್ಜಿಗಳನ್ನು ಈಗ ಕೇಂದ್ರ ಸರ್ಕಾರದ ‘ಸಾರಥಿ’ ಗಣಕ ವ್ಯವಸ್ಥೆಯ ಮೂಲಕ ಸಲ್ಲಿಸಲಾಗುತ್ತದೆ.

ಕ್ಲೀನರ್‌ನಿಂದ ಚಾಲಕನವರೆಗೆ

ಮೊದಲಿನಿಂದಲೂ ಈ ವೃತ್ತಿಯ ಶಾಲೆಯೆಂದರೆ ಲಾರಿಯೇ. ಹುಡುಗನೊಬ್ಬ ಕ್ಲೀನರ್ ಆಗಿ ಸೇರಿ, ಗಾಜು ಒರೆಸಿ, ಹಗ್ಗ ಬಿಗಿದು, ತಾಡಪಾಲು ಹೊದಿಸಿ, ಹಿಂದಕ್ಕೆ ತೆಗೆಯುವಾಗ ಕೂಗಿ ಹೇಳಿ, ಪಂಕ್ಚರ್ ಆದ ಚಕ್ರವನ್ನು ಕಳಚಿ, ಕೆಲವು ವರ್ಷಗಳ ತರುವಾಯ ಚಾಲಕನಾಗುತ್ತಿದ್ದನು. ಇದರಲ್ಲಿ ದೊಡ್ಡ ಗುಣವಿದೆ. ಲಾರಿಯ ಮೈಯನ್ನೆಲ್ಲ ಕೈಯಿಂದ ಮುಟ್ಟಿ ತಿಳಿದವನಿಗೆ ಚಕ್ರದ ನಟ್ಟು ಸಡಿಲವಾದದ್ದೂ ಗಾಳಿ ಸೋರುವುದೂ ಶಬ್ದದಿಂದಲೇ ತಿಳಿಯುತ್ತದೆ. ಇದರಲ್ಲಿ ದೊಡ್ಡ ಅಪಾಯವೂ ಇದೆ. ಚಾಲಕನಿಗೆ ನಿದ್ರೆ ಬಂದಾಗ “ಸ್ವಲ್ಪ ದೂರ ನೀನೇ ತೊಗೋ” ಎಂದು ಪರವಾನಗಿ ಇಲ್ಲದ ಕ್ಲೀನರ್‌ನ ಕೈಗೆ ವಾಹನವನ್ನು ಒಪ್ಪಿಸುವ ರೂಢಿ ಇಂದಿಗೂ ಅಲ್ಲಲ್ಲಿ ಉಂಟು. ಹೀಗೆ ನಡೆಸಿದವನಿಗೂ ನಡೆಸಲು ಕೊಟ್ಟವನಿಗೂ ತಲಾ 5,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆಮನೆವಾಸ ವಿಧಿಸಲು ಅವಕಾಶವಿದೆ. ಅಪಘಾತವಾದರಂತೂ ವಿಮಾ ಸಂಸ್ಥೆಯು ತಾನು ತೆತ್ತ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಲು ಮುಂದಾಗುತ್ತದೆ. ಕಲಿಯುವ ಹುಡುಗನು ಇಂತಹ ಆಹ್ವಾನವನ್ನು ನಿರಾಕರಿಸುವುದು ಹಿರಿಯನಿಗೆ ತೋರುವ ಅವಿಧೇಯತೆ ಎನಿಸಿಕೊಳ್ಳದು.

ಕ್ರಮಬದ್ಧ ತರಬೇತಿಗೂ ಈಗ ಹೆಚ್ಚಿನ ಅನುಕೂಲಗಳಿವೆ. ಪುಣೆಯ ಭೋಸರಿಯಲ್ಲಿರುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಈ ಕ್ಷೇತ್ರದ ಹಳೆಯ ಸಂಸ್ಥೆಗಳಲ್ಲಿ ಒಂದು. ತಮಿಳುನಾಡಿನ ಲಾರಿ ಉದ್ಯಮದ ಊರಾದ ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್ ಸಂಸ್ಥೆಯು ನಡೆಸುವ ಚಾಲಕ ತರಬೇತಿ ಕೇಂದ್ರವಿದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈ 1ರಂದು ಜಾರಿಗೆ ಬಂದವು. ಈ ಕೇಂದ್ರಗಳಲ್ಲಿ ಮಧ್ಯಮ ಮತ್ತು ಭಾರಿ ವಾಹನಗಳ ಶಿಕ್ಷಣಕ್ಕೆ ಆರು ವಾರಗಳಲ್ಲಿ 38 ಗಂಟೆಗಳನ್ನು ಗೊತ್ತುಪಡಿಸಲಾಗಿದೆ. ಶಿಕ್ಷಣವನ್ನು ಯಶಸ್ವಿಯಾಗಿ ಮುಗಿಸಿದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ದೊರೆಯುತ್ತದೆ. ಶಾಲೆಯನ್ನು ಆರಿಸಿಕೊಳ್ಳುವಾಗ ಒಂದು ಸಂಗತಿಯನ್ನು ವಿಚಾರಿಸುವುದು ಒಳ್ಳೆಯದು: ಅಲ್ಲಿ ಸರಕು ತುಂಬಿದ ವಾಹನವನ್ನು ನಡೆಸಲು ಕೊಡುತ್ತಾರೆಯೇ? ಬರಿದಾದ ಲಾರಿಯ ಮೇಲೆ ಮಾತ್ರ ಕಲಿತವನು ಮೊದಲ ಬಾರಿ ಹದಿನೈದು ಟನ್ ಹೊತ್ತು ಹೊರಟಾಗ, ತಾನು ಕಲಿತ ವಾಹನ ಇದಲ್ಲವೆಂದು ಅವನಿಗೆ ಮೊದಲ ಇಳಿಜಾರಿನಲ್ಲಿಯೇ ತಿಳಿಯುತ್ತದೆ.

ಇಳಿಜಾರಿನ ಪಾಠ

ಮುಂಬಯಿ ಮತ್ತು ಪುಣೆಗಳ ನಡುವಿನ ಬೋರ್ ಘಾಟ್, ಪುಣೆ ಮತ್ತು ಸಾತಾರಾಗಳ ನಡುವಿನ ಖಂಬಾಟ್ಕಿ ಘಾಟ್, ಮಂಗಳೂರಿನತ್ತ ಇಳಿಯುವ ಶಿರಾಡಿ ಘಾಟ್ ಇವು ಕನ್ನಡಿಗ ಚಾಲಕರಿಗೆ ಪರಿಚಿತವಾದ ಘಟ್ಟಗಳು. ಆದರೆ ಘಟ್ಟವೆನ್ನಿಸದ ಇಳಿಜಾರುಗಳು ಇನ್ನೂ ಹೆಚ್ಚು ಮೋಸ ಮಾಡುತ್ತವೆ. ಪುಣೆಯ ಹೊರವಲಯದಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗೆ ರಸ್ತೆ ಅಗಲವಾಗಿದೆ, ನೇರವಾಗಿದೆ, ನುಣುಪಾಗಿದೆ. ಮತ್ತು ಒಂದೇ ಸಮನೆ ಇಳಿಯುತ್ತಲೇ ಹೋಗುತ್ತದೆ. ಇಳಿಜಾರಿನ ಕೊನೆಯಲ್ಲಿ ನಗರದ ವಾಹನಗಳು ಕಿಕ್ಕಿರಿದಿರುತ್ತವೆ. ಈ ಭಾಗದಲ್ಲಿ ಹಲವು ವರ್ಷಗಳಿಂದ ಮತ್ತೆ ಮತ್ತೆ ಅಪಘಾತಗಳು ಸಂಭವಿಸಿವೆ. 2022ರ ನವೆಂಬರ್‌ನಲ್ಲಿ ಹತೋಟಿ ತಪ್ಪಿದ ಭಾರಿ ವಾಹನವೊಂದು ಹತ್ತಾರು ವಾಹನಗಳಿಗೆ ಅಪ್ಪಳಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಇಂತಹ ಅಪಘಾತಗಳ ಬಳಿಕ ಸಾಮಾನ್ಯವಾಗಿ ಕೇಳಿಬರುವ ಮಾತು “ಬ್ರೇಕು ಹತ್ತಲಿಲ್ಲ” ಎಂಬುದು. ಬ್ರೇಕು ಏಕೆ ಹತ್ತಲಿಲ್ಲವೆಂಬುದನ್ನು ಹೊಸ ಚಾಲಕನು ಪರವಾನಗಿಗೆ ಮುಂಚೆಯೇ ಅರಿತಿರಬೇಕು.

ದೊಡ್ಡ ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಪ್ರತಿ ಬಾರಿ ಪೆಡಲನ್ನು ತುಳಿದಾಗಲೂ ಆ ಗಾಳಿಯಲ್ಲಿ ಸ್ವಲ್ಪ ಭಾಗ ಖರ್ಚಾಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಗಾಳಿ ತುಂಬುವುದೂ ನಿಧಾನ; ಎಂಜಿನ್ ಆರಿಸಿದ್ದರೆ ತುಂಬುವುದೇ ಇಲ್ಲ. ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಲಾರಿಯನ್ನು ತೇಲಿಬಿಡುವ ಚಾಲಕನು ಎರಡು ಬಗೆಯಲ್ಲಿ ನಷ್ಟಕ್ಕೆ ಒಳಗಾಗುತ್ತಾನೆ. ಎಂಜಿನ್ನು ಚಕ್ರಗಳನ್ನು ಹಿಡಿದು ನಿಧಾನಿಸುವ ನೆರವು ತಪ್ಪಿಹೋಗುವುದರಿಂದ ಇಡೀ ಭಾರವು ಬ್ರೇಕಿನ ಮೇಲೆಯೇ ಬೀಳುತ್ತದೆ. ಮತ್ತೆ ಮತ್ತೆ ತುಳಿದ ಬ್ರೇಕಿನ ಡ್ರಮ್ಮು ಕಾದು, ಅದರೊಳಗಿನ ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಆಗ ಪೆಡಲನ್ನು ಎಷ್ಟೇ ಒತ್ತಿದರೂ ವಾಹನ ನಿಲ್ಲದು. ಇಷ್ಟಾಗಿ ಉಳಿತಾಯವೂ ಬಹುಮಟ್ಟಿಗೆ ಭ್ರಮೆಯೇ. ವಿದ್ಯುನ್ಮಾನ ನಿಯಂತ್ರಣವಿರುವ ಈಗಿನ ಡೀಸೆಲ್ ಎಂಜಿನ್ನುಗಳು, ಗೇರಿನಲ್ಲಿದ್ದು ಇಳಿಯುವಾಗ ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನು ತಾವಾಗಿಯೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಆರದಿರಲು ಸ್ವಲ್ಪ ಡೀಸೆಲ್ ಉರಿಯುತ್ತಲೇ ಇರುತ್ತದೆ.

ಹಳೆಯ ಚಾಲಕರು ಹೇಳಿಕೊಡುವ ಕ್ರಮ ಸರಳವಾದುದು: ಯಾವ ಗೇರಿನಲ್ಲಿ ಏರನ್ನು ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಗೇರು ಬದಲಿಸುವುದನ್ನು ಇಳಿಜಾರು ಆರಂಭವಾಗುವ ಮೊದಲೇ ಮುಗಿಸಬೇಕು. ವೇಗ ಹೆಚ್ಚಿದ ಮೇಲೆ ಕೆಳಗಿನ ಗೇರು ಬೀಳದೆ ಲಾರಿ ನ್ಯೂಟ್ರಲ್‌ನಲ್ಲಿಯೇ ಉಳಿದುಬಿಡಬಹುದು. ಎಕ್ಸಾಸ್ಟ್ ಬ್ರೇಕ್ ಇರುವ ವಾಹನದಲ್ಲಿ ಅದನ್ನು ಮೊದಲು ಬಳಸಿ, ಕಾಲಿನ ಬ್ರೇಕನ್ನು ಅಗತ್ಯವಾದಾಗ ದೃಢವಾಗಿ ಒತ್ತಿ ಬಿಡಬೇಕು. ಕೆಳಗಿನವರೆಗೂ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇರಬಾರದು. ಬೆಳಿಗ್ಗೆ ಹೊರಡುವಾಗ ಗಾಳಿಯ ಮಾಪಕದ ಮುಳ್ಳು ಗೊತ್ತಾದ ಮಟ್ಟಕ್ಕೆ ಏರುವವರೆಗೆ ಕಾಯಬೇಕು. ಟ್ಯಾಂಕಿನಲ್ಲಿ ಕೂಡಿದ ನೀರನ್ನು ಹೊರಬಿಡಬೇಕು.

ವೇಗದ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. 80 ಕಿಲೋಮೀಟರು ವೇಗದಲ್ಲಿ 22 ಮೀಟರು. ಕಣ್ಣು ಕಂಡದ್ದು ಕಾಲಿಗೆ ತಲುಪುವ ಮುಂಚೆಯೇ ಇಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಸರಕು ವಾಹನಗಳಿಗೆ ನಾಲ್ಕು ಪಥದ ವಿಭಜಿತ ರಸ್ತೆ ಹಾಗೂ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಗಂಟೆಗೆ 80, ಇತರ ರಸ್ತೆಗಳಲ್ಲಿ 60 ಕಿಲೋಮೀಟರುಗಳ ಗರಿಷ್ಠ ಮಿತಿಯನ್ನು ಗೊತ್ತುಪಡಿಸಿತು. ರಾಜ್ಯಗಳು, ಅದರಲ್ಲಿಯೂ ಘಟ್ಟದ ಭಾಗಗಳಲ್ಲಿ, ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸುವುದುಂಟು. ಫಲಕದ ಮೇಲಿನ ಅಂಕಿಯೇ ಅಲ್ಲಿ ಪ್ರಮಾಣ.

ಸರಕು, ತೂಕ, ಕಾಗದಪತ್ರ

ಒಟ್ಟು ತೂಕದ ಮಿತಿಗಳನ್ನು 2018ರ ಜುಲೈನಲ್ಲಿ ಹೆಚ್ಚಿಸಲಾಯಿತು. ಎರಡು ಅಚ್ಚಿನ ಆರು ಚಕ್ರದ ಲಾರಿಗೆ 16.2 ಟನ್ ಇದ್ದುದು 18.5 ಟನ್ ಆಯಿತು. ಮೂರು ಅಚ್ಚಿನ ಹತ್ತು ಚಕ್ರದ ಲಾರಿಗೆ 25 ಇದ್ದುದು 28.5 ಟನ್ ಆಯಿತು. ಇದು ಲಾರಿಯ ಸ್ವಂತ ತೂಕವೂ ಸೇರಿದ ಲೆಕ್ಕ. ಆಯಾ ವಾಹನಕ್ಕೆ ಅನ್ವಯಿಸುವ ಅಂಕಿಯು ಅದರ ನೋಂದಣಿ ಪತ್ರದಲ್ಲಿ ಇರುತ್ತದೆ. ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಗಳನ್ನೂ, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ತೆರಬೇಕಾಗುತ್ತದೆ. ಈ ಶಿಕ್ಷೆ ವಾಹನ ನಡೆಸಿದವನಿಗೂ, ನಡೆಸಲು ಹೇಳಿದವನಿಗೂ ಅನ್ವಯಿಸುತ್ತದೆಂಬುದು ಹೊಸ ಚಾಲಕರು ಗಮನಿಸಬೇಕಾದ ಅಂಶ. ಮಾಲೀಕನೋ ದಲ್ಲಾಳಿಯೋ “ಎಲ್ಲರೂ ಹಾಕುತ್ತಾರೆ” ಎಂದು ಹೇಳುವ ಮಾತು ತೂಕದ ಕಾಟಾದ ಎದುರಿಗೆ ನಿಲ್ಲುವುದಿಲ್ಲ. ಹಿಂದಿನ ವಿಭಾಗದಲ್ಲಿ ಹೇಳಿದ ಇಳಿಜಾರನ್ನೂ ಈ ಹೆಚ್ಚುವರಿ ತೂಕವನ್ನೂ ಕೂಡಿಸಿ ನೋಡಿದರೆ ದಂಡಕ್ಕಿಂತ ದೊಡ್ಡ ಅಪಾಯ ಯಾವುದೆಂದು ತಿಳಿಯುತ್ತದೆ.

ಲೋಡು ಮಾಡುವಾಗ ಚಾಲಕನು ಚಹಾದ ಅಂಗಡಿಯಲ್ಲಿ ಕುಳಿತಿರಬಾರದು. ಭಾರವಾದ ಸರಕು ಕೆಳಗೆ, ಅಚ್ಚುಗಳ ನಡುವೆ ಸಮನಾಗಿ ಹಂಚಿಕೆಯಾಗಿರಬೇಕು. ಉಕ್ಕಿನ ಸುರುಳಿ, ಕೊಳವೆ, ಕಲ್ಲಿನ ಹಾಸುಗಳಂತಹ ಸರಕುಗಳು ಬ್ರೇಕು ಹಾಕಿದಾಗ ಮುಂದಕ್ಕೆ ಜಾರಿ ಕ್ಯಾಬಿನ್ನನ್ನೇ ನುಗ್ಗಬಲ್ಲವು. ಚೀಲಗಳಾದರೆ ಹಮಾಲರ ಎಣಿಕೆಯೊಂದಿಗೆ ತನ್ನ ಎಣಿಕೆಯನ್ನೂ ಹೊಂದಿಸಿ ನೋಡಬೇಕು. ಉತ್ತರ ಭಾರತದಲ್ಲಿ ‘ಬಿಲ್ಟಿ’ ಎಂದು ಕರೆಯಲ್ಪಡುವ ಲಾರಿ ರಸೀದಿಯಲ್ಲಿ ನೂರು ಚೀಲವೆಂದು ಬರೆದು ತೊಂಬತ್ತೆಂಟು ಇಳಿದರೆ, ಉಳಿದ ಎರಡರ ಬೆಲೆ ಎಷ್ಟೋ ಬಾರಿ ಚಾಲಕನ ಸಂಬಳದಿಂದಲೇ ಮುರಿಯಲ್ಪಡುತ್ತದೆ. ಮೊಹರು ಹಾಕಿದ ಕಂಟೇನರ್ ಆದರೆ ಮೊಹರಿನ ಸಂಖ್ಯೆಯನ್ನು ರಸೀದಿಯೊಂದಿಗೆ ಹೋಲಿಸಿ, ಹರಿದ ಅಥವಾ ನೆನೆದ ಸರಕನ್ನು ಹೊರಡುವ ಮೊದಲೇ ರಸೀದಿಯ ಮೇಲೆ ಬರೆಸಿಕೊಳ್ಳಬೇಕು.

ವಾಹನದೊಂದಿಗೆ ಇರಬೇಕಾದ ಪತ್ರಗಳೆಂದರೆ ಚಾಲನಾ ಪರವಾನಗಿ, ನೋಂದಣಿ ಪತ್ರ, ರಹದಾರಿ, ಯೋಗ್ಯತಾ ಪತ್ರ, ವಿಮೆ, ತೆರಿಗೆ ಮತ್ತು ಹೊಗೆ ತಪಾಸಣೆಯ ಪತ್ರ. ಇವುಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸಿದರೂ 2018ರಿಂದ ಒಪ್ಪಲಾಗುತ್ತಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಗಳಲ್ಲಿ ತೆರಿಗೆ ತನಿಖಾ ಠಾಣೆಗಳ ಮುಂದಿನ ಉದ್ದನೆಯ ಸಾಲುಗಳು ಇಲ್ಲವಾದವು. ಅದರ ಬದಲಿಗೆ, 50,000 ರೂಪಾಯಿ ಮೀರಿದ ಸರಕಿಗೆ ಅಂತರರಾಜ್ಯ ಸಾಗಣೆಯಲ್ಲಿ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಕಡ್ಡಾಯವಾಯಿತು. ಇದರ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆಗಳ ಮೊದಲು ಅಥವಾ ಮುಗಿದ ಎಂಟು ಗಂಟೆಗಳ ಒಳಗೆ ಅದನ್ನು ವಿಸ್ತರಿಸಿಕೊಳ್ಳಬೇಕು. ಸರಕನ್ನು ಬೇರೆ ಲಾರಿಗೆ ಬದಲಿಸಿದರೆ ಹೊಸ ಲಾರಿಯ ಸಂಖ್ಯೆಯನ್ನು ನಮೂದಿಸಬೇಕು. ಇದನ್ನು ಕಚೇರಿಯವರು ಮಾಡುತ್ತಾರಾದರೂ ಅವರಿಗೆ ಸಕಾಲದಲ್ಲಿ ದೂರವಾಣಿ ಮಾಡಬೇಕಾದವನು ಚಾಲಕನೇ.

ಅಪಾಯಕಾರಿ ವಸ್ತುಗಳನ್ನು, ಎಂದರೆ ಪೆಟ್ರೋಲು, ಅಡುಗೆ ಅನಿಲ, ಆಮ್ಲ ಮೊದಲಾದವನ್ನು ಒಯ್ಯುವ ಟ್ಯಾಂಕರುಗಳಿಗೆ ಬೇರೆ ಅರ್ಹತೆ ಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾರತೀಯ ಭಾಷೆಗಳಲ್ಲಿ ಒಂದನ್ನೂ ಇಂಗ್ಲಿಷನ್ನೂ ಓದಲು ಬರೆಯಲು ಬರಬೇಕು. ಮೂರು ದಿನಗಳ ವಿಶೇಷ ತರಬೇತಿಯ ಪ್ರಮಾಣಪತ್ರವೂ ಬೇಕು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆಯೆಂದು ಹೇಳಬೇಕಾಗಿಲ್ಲ.

ಸಂಬಳ ಮತ್ತು ಲೆಕ್ಕ

ಚಾಲಕನ ಸಂಪಾದನೆಗೆ ಒಂದೇ ರೀತಿಯಿಲ್ಲ. ಕೆಲವೆಡೆ ತಿಂಗಳ ಸಂಬಳ ಮತ್ತು ದಿನದ ಬಾಟಾ. ಕೆಲವೆಡೆ ಟ್ರಿಪ್ಪಿಗೆ ಇಷ್ಟೆಂದು. ಇನ್ನು ಕೆಲವೆಡೆ ಬಾಡಿಗೆಯಲ್ಲಿ ಪಾಲು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಬೇಗ ಹೋಗಿ ಬೇಗ ಬರುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ನಿದ್ರೆಗೆಡುವುದಕ್ಕೆ ಮುಖ್ಯ ಕಾರಣ ಇದೇ ಆಗಿರುವುದರಿಂದ, ಎರಡು ಕೆಲಸಗಳ ನಡುವೆ ಆಯ್ಕೆ ಇದ್ದರೆ ಹೊಸಬನಿಗೆ ತಿಂಗಳ ಸಂಬಳದ ಕೆಲಸವೇ ಮೇಲು. ಮೊತ್ತ ಸ್ವಲ್ಪ ಕಡಿಮೆಯಾದರೂ ಸರಿಯೇ. ಕಾರ್ಖಾನೆಯ ಬಾಗಿಲಲ್ಲಿ ಸರಕು ಇಳಿಸಲು ಎರಡು ದಿನ ಕಾಯಬೇಕಾದರೆ ಆ ದಿನಗಳ ಊಟದ ಖರ್ಚು ಯಾರದು, ಟೈರು ಸಿಡಿದರೆ ಯಾರದು, ತಪ್ಪಿಲ್ಲದೆ ಬಿದ್ದ ದಂಡ ಯಾರದು ಎಂಬುದನ್ನು ಸೇರುವಾಗಲೇ ಮಾತನಾಡಿ, ಸಾಧ್ಯವಾದರೆ ಬರೆಸಿಕೊಳ್ಳಬೇಕು. ಕೈಗೆ ಕೊಟ್ಟ ಮುಂಗಡ ಹಣದ ಲೆಕ್ಕವನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆಯುವುದು ಮಾಲೀಕನಿಗಿಂತ ಚಾಲಕನಿಗೇ ಹೆಚ್ಚು ರಕ್ಷಣೆ. ಸುಂಕದ ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾದ ಮೇಲೆ ಕೈಯಲ್ಲಿ ಒಯ್ಯಬೇಕಾದ ನಗದು ಬಹಳ ಕಡಿಮೆಯಾಗಿದೆ.

ಮೋಟಾರು ಸಾರಿಗೆ ಕಾರ್ಮಿಕರ ದುಡಿಮೆಯ ಅವಧಿಗೆ 1961ರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ದೂರದ ಮಾರ್ಗಗಳಲ್ಲಿ ದಿನಕ್ಕೆ 10, ವಾರಕ್ಕೆ 54 ಗಂಟೆಗಳವರೆಗೆ ಅವಕಾಶವಿತ್ತು. ಈ ಕಾಯಿದೆಯ ಸ್ಥಾನದಲ್ಲಿ ಸಂಸತ್ತು 2020ರಲ್ಲಿ ಅಂಗೀಕರಿಸಿದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಒಂದೇ ಲಾರಿ ಇರುವ ಮಾಲೀಕರ ಬಳಿ ದುಡಿಯುವವರಿಗೆ ಇಂತಹ ರಕ್ಷಣೆ ಕಾಗದದಿಂದ ರಸ್ತೆಗೆ ಇಳಿದದ್ದು ಬಹಳ ಕಡಿಮೆಯೆಂಬುದನ್ನು ಒಪ್ಪಲೇಬೇಕು. ಆದ್ದರಿಂದ ಚಾಲಕನು ತನ್ನ ಮಟ್ಟಿಗೆ ಮಾಡಿಕೊಳ್ಳಬಹುದಾದ ಏರ್ಪಾಡುಗಳನ್ನು ಬಿಡಬಾರದು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ‘ಇ-ಶ್ರಮ್’ ವ್ಯವಸ್ಥೆ 2021ರ ಆಗಸ್ಟ್‌ನಿಂದ ಇದೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದಲ್ಲಿ ಮರಣ ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಈ ಸಂಗತಿಯನ್ನು ಮನೆಯಲ್ಲಿರುವವರಿಗೂ ತಿಳಿಸಿರಬೇಕು. ತಿಳಿಸದೆ ಹೋದುದರಿಂದ ಅರ್ಜಿಯೇ ಸಲ್ಲಿಕೆಯಾಗದೆ ಉಳಿಯುವ ಸಂದರ್ಭಗಳುಂಟು.

ನಿದ್ರೆ, ಆರೋಗ್ಯ, ಅಪಘಾತ

ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಹೊತ್ತಿನಲ್ಲಿ ಮನುಷ್ಯನ ದೇಹ ನಿದ್ರೆಯನ್ನು ಬೇಡುತ್ತದೆ. ಚಹಾ, ಬೀಡಿ, ಹಾಡು ಇವು ನಿದ್ರೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತವೆಯೇ ಹೊರತು ನೀಗುವುದಿಲ್ಲ. ಕಣ್ಣು ತೆರೆದಿರುವಾಗಲೇ ಕೆಲವು ಕ್ಷಣ ಮೈಮರೆಯುವುದುಂಟು. ದಾಟಿದ ಸುಂಕದ ಕಟ್ಟೆ ನೆನಪಿಗೆ ಬಾರದಿದ್ದರೆ ಲಾರಿಯನ್ನು ನಿಲ್ಲಿಸಿ ಮಲಗುವ ಸಮಯ ಬಂದಿದೆಯೆಂದು ತಿಳಿಯಬೇಕು. ನಿಲ್ಲಿಸುವುದು ರಸ್ತೆಯ ಅಂಚಿನಲ್ಲಲ್ಲ. ಡಾಬಾ, ಪೆಟ್ರೋಲ್ ಬಂಕು ಅಥವಾ ಗೊತ್ತಾದ ನಿಲುಗಡೆಯ ಅಂಗಳದಲ್ಲಿ. ಹೆದ್ದಾರಿಯ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿ ಹಿಂದಿನಿಂದ ಬರುವವರ ಪಾಲಿಗೆ ಗೋಡೆಯಾಗುತ್ತದೆ. 2025ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿದುದು ಚಾಲಕರ ಆಯಾಸವನ್ನು ಕಡಿಮೆ ಮಾಡುವ ಸಲುವಾಗಿಯೇ.

ಮದ್ಯದ ವಿಷಯದಲ್ಲಿ ಕಾಯಿದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ಮೀರಿದರೆ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆಮನೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ರಾತ್ರಿ ಹೆಚ್ಚಾಗಿ ಕುಡಿದು ಮಲಗಿದವನ ರಕ್ತದಲ್ಲಿ ಬೆಳಿಗ್ಗೆಯೂ ಮದ್ಯ ಉಳಿದಿರಬಹುದು. ದೃಷ್ಟಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವುಗಳ ತಪಾಸಣೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳುವುದು ಅಗತ್ಯ. ಮನೆಯಿಂದ ದೂರವಿರುವ ಚಾಲಕರಲ್ಲಿ ಎಚ್.ಐ.ವಿ. ಸೋಂಕು ತಡೆಯಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಬಹುಕಾಲದಿಂದ ವಿಶೇಷ ಕಾರ್ಯಕ್ರಮ ನಡೆಸುತ್ತಿದೆ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತವಾಗಿದ್ದು, ಫಲಿತಾಂಶವನ್ನು ಗುಪ್ತವಾಗಿಡಲಾಗುತ್ತದೆ.

ಅಪಘಾತ ಸಂಭವಿಸಿದಾಗ ಓಡಿಹೋಗುವುದು ಚಾಲಕನ ಮೊದಲ ಪ್ರವೃತ್ತಿ. ಜನರ ಕೋಪದ ಭಯ ಸುಳ್ಳಲ್ಲ. ಕಾಯಿದೆಯೇ ಅದನ್ನು ಮನಗಂಡಿದೆ. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸಲು ಯತ್ನಿಸಬೇಕೆಂದೂ, ಜನರ ಉದ್ರೇಕದಿಂದ ಅಥವಾ ಕೈಮೀರಿದ ಬೇರೆ ಕಾರಣದಿಂದ ಅದು ಸಾಧ್ಯವಾಗದಿದ್ದಲ್ಲಿ ಅದಕ್ಕೆ ವಿನಾಯಿತಿಯಿದೆಯೆಂದೂ ಅದು ಹೇಳುತ್ತದೆ. ಆದರೆ ಪೊಲೀಸರಿಗೆ ಆದಷ್ಟು ಬೇಗನೆ, ತಡವೆಂದರೂ 24 ಗಂಟೆಗಳ ಒಳಗೆ, ವರದಿ ಮಾಡುವ ಹೊಣೆ ಉಳಿದೇ ಇರುತ್ತದೆ. ಸ್ಥಳದಲ್ಲಿ ನಿಲ್ಲಲು ಹೆದರಿದವನು ಹತ್ತಿರದ ಠಾಣೆಗೆ ನೇರವಾಗಿ ಹೋಗಬಹುದು. ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗಳಿಗೆ ಕರೆಮಾಡಬೇಕು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪಘಾತವೆಸಗಿ, ವರದಿ ಮಾಡದೆ ಪರಾರಿಯಾದವರಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ವಿಧಿಸುವ ಉಪಪ್ರಕರಣವೊಂದಿದೆ. ಅದನ್ನು ವಿರೋಧಿಸಿ 2024ರ ಜನವರಿಯ ಆರಂಭದಲ್ಲಿ ಅನೇಕ ರಾಜ್ಯಗಳ ಲಾರಿ ಚಾಲಕರು ಮುಷ್ಕರ ಹೂಡಿದರು. ಸಂಹಿತೆಯು 2024ರ ಜುಲೈ 1ರಂದು ಜಾರಿಗೆ ಬಂದಾಗ ಆ ಉಪಪ್ರಕರಣವನ್ನು ಮಾತ್ರ ತಡೆಹಿಡಿಯಲಾಯಿತು. ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯೊಳಗೆ, ನಗದು ಕೇಳದೆ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಸ್ವಂತ ಲಾರಿ ಕೊಳ್ಳುವ ಹಂಬಲ ಈ ವೃತ್ತಿಯಲ್ಲಿ ಬೇಗನೆ ಮೂಡುತ್ತದೆ. ಸಾಲದ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಾಡಿಗೆ ಹಾಗೆ ಬರುವುದಿಲ್ಲ. ಕನಿಷ್ಠ ಕೆಲವು ವರ್ಷ ಒಬ್ಬರ ಬಳಿ ದುಡಿದು, ಮಳೆಗಾಲದ ಮಂದ ತಿಂಗಳುಗಳಲ್ಲಿ ಲಾರಿಗಳು ಹೇಗೆ ನಿಂತಿರುತ್ತವೆಂಬುದನ್ನು ಕಣ್ಣಾರೆ ಕಂಡು, ಹಿಂದಿರುಗುವ ದಾರಿಗೂ ಲೋಡು ದೊರಕಿಸಿಕೊಳ್ಳಬಲ್ಲ ಪರಿಚಯಗಳನ್ನು ಬೆಳೆಸಿಕೊಂಡ ತರುವಾಯ ಈ ಯೋಚನೆ ಮಾಡುವುದು ಲೇಸು.

ಸಾರಿಗೆ ವಾಹನದ ಪರವಾನಗಿಯ ಅವಧಿ ಮೊದಲು ಮೂರು ವರ್ಷವಿದ್ದುದನ್ನು 2019ರ ತಿದ್ದುಪಡಿಯು ಐದಕ್ಕೆ ಹೆಚ್ಚಿಸಿತು. ಅಪಾಯಕಾರಿ ವಸ್ತುಗಳ ವಾಹನಕ್ಕೆ ಮಾತ್ರ ಅದು ಮೂರು ವರ್ಷ. ನವೀಕರಣಕ್ಕೆ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದಲೇ ಅರ್ಜಿ ಸಲ್ಲಿಸಬಹುದು. ಅದರೊಂದಿಗೆ ಪ್ರತಿ ಬಾರಿಯೂ ವೈದ್ಯರ ಹೊಸ ಪ್ರಮಾಣಪತ್ರ ಬೇಕು. ಅವಧಿ ಮುಗಿದ ಪರವಾನಗಿಯೊಂದಿಗೆ ಲಾರಿ ನಡೆಸಿದರೆ ಪರವಾನಗಿ ಇಲ್ಲದೆ ನಡೆಸಿದಂತೆಯೇ ಸರಿ. ಮುಗಿದು ಒಂದು ವರ್ಷ ಕಳೆದರೆ, ಇಪ್ಪತ್ತು ವರ್ಷದ ಅನುಭವಿಯಾದರೂ ಮತ್ತೊಮ್ಮೆ ಚಾಲನಾ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ.